ಮರವಾಗಿ ಬಗ್ಗೀತೆ?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗ ಇರಲಾರ. ಬಹುಕಾಲ ಶಾಲೆಗಳಲ್ಲಿ ಪಾಠ ಹೇಳಿಕೊಂಡಿದ್ದ ನನಗಂತೂ ಅದು ಉಪಾಧ್ಯಾಯರ ಕೊಠಡಿಯ ಗಡಿಯಾರದ ಸದ್ದಿನಷ್ಟೇ ಪರಿಚಿತವಾದದ್ದು. ಏಳನೆಯ ತರಗತಿಗೆ ಬಂದ ಹುಡುಗ ಒತ್ತಕ್ಷರ ಓದಲು ತಡವರಿಸಿದರೆ ಈ ಗಾದೆ. ಮೊಮ್ಮಕ್ಕಳನ್ನು ಕಂಡಮೇಲೆ ಅಕ್ಷರ ಕಲಿಯಲು ಹೊರಟ ಹೆಂಗಸಿಗೆ ಈ ಗಾದೆ. ಜೈಲಿನಿಂದ ಹಿಂತಿರುಗಿ ನೆಟ್ಟಗೆ ಬದುಕುತ್ತೇನೆಂದವನಿಗೂ ಇದೇ ಗಾದೆ. ವಾಕ್ಯದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯಿದೆ, ನಿಜ. ಆದರೆ ಕೇಳಿದವರು ಯಾರೂ ಉತ್ತರಕ್ಕಾಗಿ ಕಾದದ್ದನ್ನು ನಾನು ಕಂಡಿಲ್ಲ. ಅದು ಪ್ರಶ್ನೆಯ ವೇಷ ತೊಟ್ಟ ತೀರ್ಪು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂಬ ಇನ್ನೊಂದು ಗಾದೆ ಅದರ ಬೆಂಗಾವಲಿಗೆ ನಿಂತಿರುವಾಗ ಎದುರಾಡುವ ಧೈರ್ಯ ಯಾರಿಗೆ?

ಆದರೂ ಒಮ್ಮೆ ವಿಚಾರಿಸಿ ನೋಡುವುದರಲ್ಲಿ ತಪ್ಪಿಲ್ಲ. ಗಾದೆ ನಿಜವೇ? ನಿಜವಾದರೆ ಅದು ಯಾರ ಮೇಲೆ ಕೊಟ್ಟ ತೀರ್ಪು? ಬಗ್ಗದ ಮರದ ಮೇಲೋ, ಬಗ್ಗಿಸದೆ ಬಿಟ್ಟವನ ಮೇಲೋ? ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಮಿದುಳನ್ನು ಬಲ್ಲ ವಿಜ್ಞಾನಿಗಳು. ಎರಡನೆಯದು ವಿಜ್ಞಾನಕ್ಕೆ ಸೇರಿದ್ದಲ್ಲ. ಅದನ್ನು ನಾವು ನಾವೇ ತೀರ್ಮಾನಿಸಿಕೊಳ್ಳಬೇಕು. ನಾನು ವಿಜ್ಞಾನಿಯಲ್ಲ. ಆದರೆ ಈ ವಿಷಯವನ್ನು ಕುರಿತು ಓದಿದಷ್ಟೂ, ಬಲ್ಲವರಿಂದ ಕೇಳಿದಷ್ಟೂ, ಮೊದಲನೆಯ ಉತ್ತರ ತಿಳಿಯದೆ ಎರಡನೆಯದಕ್ಕೆ ಕೈಹಾಕುವುದು ಅನ್ಯಾಯವೆಂದು ನನಗೆ ತೋರಿದೆ.

ಎಳೆಯ ಮಿದುಳೆಂದರೆ ದೊಡ್ಡ ಮಿದುಳಿನ ಸಣ್ಣ ಪ್ರತಿಯೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಇಲಿಯಾಗಲಿ, ಬೆಕ್ಕಾಗಲಿ, ಮನುಷ್ಯನಾಗಲಿ, ಮೊಲೆಯುಣಿಸುವ ಪ್ರಾಣಿಗಳೆಲ್ಲದರ ಮಿದುಳಿನಲ್ಲೂ ಬೆಳವಣಿಗೆಯ ಒಂದೊಂದು ಘಟ್ಟಕ್ಕೆ ಒಂದೊಂದು ಬಗೆಯ ಪ್ರೋಟೀನುಗಳು ಏರುತ್ತವೆ, ಇಳಿಯುತ್ತವೆ. ಮನೆ ಕಟ್ಟುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಮೊದಲು ಸಾರವೆ ಕಟ್ಟುತ್ತಾರೆ. ಗೋಡೆ ಎದ್ದಮೇಲೆ ಅದನ್ನು ಬಿಚ್ಚುತ್ತಾರೆ. ಗಿಲಾವು ಮಾಡುವವರು ಬರುವ ಹೊತ್ತಿಗೆ ಕಲ್ಲು ಹೊತ್ತವರು ಹೊರಟುಹೋಗಿರುತ್ತಾರೆ. ಡಬಲ್‌ಕಾರ್ಟಿನ್ ಎಂಬ ಪ್ರೋಟೀನು ಈ ಕಲ್ಲು ಹೊರುವವರ ಜಾತಿಗೆ ಸೇರಿದ್ದು. ಹೊಸದಾಗಿ ಹುಟ್ಟಿದ ನರಕೋಶಗಳು ಹುಟ್ಟಿದ ಜಾಗದಿಂದ ತಮ್ಮ ನೆಲೆಗೆ ನಡೆದುಹೋಗುವಾಗ ಅದು ಹೇರಳವಾಗಿರುತ್ತದೆ. ನೆಲೆ ಸೇರಿದಮೇಲೆ ಬಹುಮಟ್ಟಿಗೆ ಮಾಯವಾಗುತ್ತದೆ. ಮಯಲಿನ್ ಎಂಬ ಕೊಬ್ಬಿನ ಹೊದಿಕೆಯ ಸುತ್ತುಗಳನ್ನು ಒಂದಕ್ಕೊಂದು ಬಿಗಿಯುವ ಪ್ರೋಟೀನಿನ ಕಥೆ ಇದಕ್ಕೆ ತಿರುಗುಮುರುಗು. ಇಲಿಮರಿ ಹುಟ್ಟಿದಾಗ ಅದು ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮೂರು ವಾರಗಳಲ್ಲಿ ಭರದಿಂದ ಏರುತ್ತದೆ. ಮನುಷ್ಯನಲ್ಲಿ ಈ ಹೊದಿಕೆಯ ಕೆಲಸ ತಾಯ ಗರ್ಭದಲ್ಲಿ ಆರಂಭವಾಗಿ, ಮಿದುಳಿನ ಮುಂಭಾಗದಲ್ಲಿ ಇಪ್ಪತ್ತರ ಹರೆಯ ದಾಟುವವರೆಗೂ ನಡೆದಿರುತ್ತದೆ.

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದುಂಟು. ಗಾಬಾ ಎಂಬ ಪದಾರ್ಥ ಸಸ್ತನಿಗಳ ಮಿದುಳಿನಲ್ಲಿದೆಯೆಂದು ೧೯೫೦ರಲ್ಲಿ ಗೊತ್ತಾಯಿತು. ಬೆಳೆದ ಮಿದುಳಿನಲ್ಲಿ ಅದರ ಕೆಲಸ ನರಕೋಶಗಳನ್ನು ಸುಮ್ಮನಿರಿಸುವುದು. ಆದರೆ ಎಳೆಯ ಮಿದುಳಿನಲ್ಲಿ ಅದೇ ಗಾಬಾ ಕೋಶಗಳನ್ನು ಹುರಿದುಂಬಿಸುವ ಕಡೆಗೆ ವಾಲುತ್ತದೆ. ಗಾಬಾ ಬದಲಾಗಿಲ್ಲ, ಅದನ್ನು ಕೇಳಿಸಿಕೊಳ್ಳುವ ಕೋಶ ಬದಲಾಗಿದೆ. ಕ್ಲೋರೈಡು ಎಂಬ ಲವಣಾಂಶವನ್ನು ಕೋಶದೊಳಗಿನಿಂದ ಏತದಂತೆ ಎತ್ತಿ ಹೊರಹಾಕುವ ಕೆಸಿಸಿ೨ ಎಂಬ ಪ್ರೋಟೀನು ಎಳೆತನದಲ್ಲಿ ಕಡಿಮೆಯಿರುತ್ತದೆ. ಇಲಿಮರಿಯಲ್ಲಿ ಹುಟ್ಟಿದ ಮೊದಲ ಒಂದೆರಡು ವಾರಗಳಲ್ಲಿ ಅದು ಏರಿದಂತೆಲ್ಲ ‘ಏಳು’ ಎಂದು ಕೇಳಿಸುತ್ತಿದ್ದ ಮಾತು ‘ಸುಮ್ಮನಿರು’ ಎಂದು ಕೇಳಿಸತೊಡಗುತ್ತದೆ. ಇದರ ಜಾಡನ್ನು ೧೯೯೯ರಲ್ಲಿ ಸಂಶೋಧಕರು ಸ್ಪಷ್ಟಪಡಿಸಿದರು. ಮಗುವೆಂದರೆ ಕೊರತೆಯುಳ್ಳ ದೊಡ್ಡವನಲ್ಲ, ಅದರ ಲೆಕ್ಕಾಚಾರವೇ ಬೇರೆ ಎಂದು ಒಳ್ಳೆಯ ಉಪಾಧ್ಯಾಯರು ಅನುಭವದಿಂದ ಬಲ್ಲರು. ಮಿದುಳಿನ ರಸಾಯನವೂ ಆ ಮಾತಿಗೆ ಸಾಕ್ಷಿ ನುಡಿಯುತ್ತದೆ.

ಇನ್ನು ಗಾದೆಯ ವಿಷಯಕ್ಕೆ ಬರೋಣ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಎಂಬಿಬ್ಬರು ಅಮೆರಿಕದ ಹಾರ್ವರ್ಡಿನಲ್ಲಿ ೧೯೬೦ರ ದಶಕದ ಆರಂಭದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು ಮುಚ್ಚಿ, ಕೆಲವು ವಾರಗಳ ಮೇಲೆ ಬಿಚ್ಚಿ ನೋಡಿದರು. ಕಣ್ಣಿಗೆ ಏನೂ ಆಗಿರಲಿಲ್ಲ. ಆದರೆ ಮಿದುಳು ಆ ಕಣ್ಣನ್ನು ಮರೆತಿತ್ತು. ನೋಟಕ್ಕೆ ಮೀಸಲಾದ ಭಾಗದ ಕೋಶಗಳು ತೆರೆದಿದ್ದ ಕಣ್ಣಿನ ಮಾತಿಗೆ ಮಾತ್ರ ಓಗೊಡುತ್ತಿದ್ದವು. ಬೆಳೆದ ಬೆಕ್ಕಿನ ಕಣ್ಣನ್ನು ಅದಕ್ಕಿಂತ ಹೆಚ್ಚು ಕಾಲ ಮುಚ್ಚಿದರೂ ಇಂಥ ಹಾನಿಯಾಗಲಿಲ್ಲ. ಈ ಇಬ್ಬರಿಗೆ ೧೯೮೧ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಮೂಕಪ್ರಾಣಿಗಳ ಕಣ್ಣು ಮುಚ್ಚಿ ನಾವು ಕಣ್ಣು ತೆರೆದದ್ದು ಹೀಗೆ. ಅಂಥ ಬೆಲೆ ಕೊಟ್ಟು ಪಡೆದ ತಿಳಿವಳಿಕೆಯನ್ನು ಪುಸ್ತಕದಲ್ಲಿ ಮಡಿಸಿಡುವುದು ಮಾತ್ರ ಕ್ಷಮಿಸತಕ್ಕ ಮಾತಲ್ಲ.

ನೆಲಕ್ಕೆ ಬಿತ್ತನೆಯ ಹದವಿದ್ದಂತೆ ಮಿದುಳಿಗೂ ಹದವಿದೆಯೆಂದಾಯಿತು. ಗಾದೆ ಅರ್ಧ ಗೆದ್ದಂತೆಯೇ ಸರಿ. ಆದರೆ ಹದವನ್ನು ನಿಶ್ಚಯಿಸುವುದು ಪಂಚಾಂಗವೇ? ಅಲ್ಲಿದೆ ಸ್ವಾರಸ್ಯ. ನರಕೋಶಗಳ ಕೂಡುಗಳಲ್ಲಿ ಎನ್‌ಎಂಡಿಎ ಗ್ರಾಹಕವೆಂಬ ಪ್ರೋಟೀನಿನ ಬಾಗಿಲುಗಳಿವೆ. ಎಳೆತನದಲ್ಲಿ ಅವುಗಳಲ್ಲಿ ೨ಬಿ ಎಂಬ ಭಾಗ ಹೆಚ್ಚು. ಆ ಬಾಗಿಲು ನಿಧಾನವಾಗಿ ಮುಚ್ಚಿಕೊಳ್ಳುವುದರಿಂದ, ತುಸು ಹಿಂದುಮುಂದಾಗಿ ಬಂದ ಎರಡು ಸುದ್ದಿಗಳೂ ಒಳಗೆ ಕೂಡಿಕೊಳ್ಳುತ್ತವೆ. ಬೆಳೆದಂತೆ ೨ಎ ಎಂಬ ಭಾಗ ಏರುತ್ತದೆ. ಬಾಗಿಲು ಬೇಗ ಮುಚ್ಚುತ್ತದೆ, ಮಿದುಳು ಕಟ್ಟುನಿಟ್ಟಾಗುತ್ತದೆ. ಹುಟ್ಟಿದಂದಿನಿಂದ ಕತ್ತಲೆಯಲ್ಲೇ ಬೆಳೆಸಿದ ಇಲಿಗಳ ದೃಷ್ಟಿಭಾಗದಲ್ಲಿ ಈ ಬದಲಾವಣೆ ಹಿಂದೆ ಬೀಳುತ್ತದೆ. ಅವುಗಳನ್ನು ಬೆಳಕಿಗೆ ತಂದ ಕೆಲವೇ ಗಂಟೆಗಳಲ್ಲಿ ೨ಎ ಏರುತ್ತದೆಂದು ೧೯೯೯ರಲ್ಲಿ ತೋರಿಸಿದರು. ಎಂದರೆ, ಒಳಗಿನ ಗಡಿಯಾರಕ್ಕೆ ಹೊರಗಿನ ಲೋಕ ಕೀಲಿ ಕೊಡುತ್ತದೆ. ಮಗುವಿಗೆ ‘ವಯಸ್ಸಾಯಿತು’ ಎನ್ನುವಾಗ ನಾವು ಎಣಿಸುವುದು ವರ್ಷಗಳನ್ನು. ಮಿದುಳು ಎಣಿಸುವುದು ತನಗೆ ದೊರೆತ ಬೆಳಕನ್ನೂ, ಕಿವಿಗೆ ಬಿದ್ದ ಮಾತನ್ನೂ ಕೂಡ.

ಹದ ಕಳೆದಮೇಲೆ ನಡೆಯುವುದೇನು? ಒಣಗಿದ ಮಣ್ಣಿನಂತೆ ಮಿದುಳು ತಾನಾಗಿ ಗಟ್ಟಿಯಾಗುತ್ತದೆಂದು ನಾವು ಊಹಿಸಿಕೊಂಡಿದ್ದೇವೆ. ಅದೂ ಹಾಗಲ್ಲ. ಮುಚ್ಚುವುದು ಕೂಡ ಒಂದು ಕೆಲಸ. ಅದಕ್ಕೂ ಬೇರೆ ಪ್ರೋಟೀನುಗಳು ಏರಿ ಬರಬೇಕು. ಕೆಲವು ನರಕೋಶಗಳ ಮೈಸುತ್ತ ಬಲೆಯಂಥದೊಂದು ಹೆಣಿಗೆ ಇರುವುದನ್ನು ಇಟಲಿಯ ಕ್ಯಾಮಿಲೊ ಗಾಲ್ಜಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಕಂಡಿದ್ದ. ಪ್ರೋಟೀನು ಮತ್ತು ಸಕ್ಕರೆಯ ಸರಗಳಿಂದಾದ ಈ ಬಲೆ ಎಳೆತನ ಕಳೆಯುವ ಹೊತ್ತಿಗೆ ದಟ್ಟವಾಗುತ್ತದೆ. ೨೦೦೨ರಲ್ಲಿ ಅದೇ ಇಟಲಿಯ ಪೀಸಾ ನಗರದ ಸಂಶೋಧಕರು ಬೆಳೆದ ಇಲಿಗಳ ಮಿದುಳಿನಲ್ಲಿ ಕಿಣ್ವವೊಂದರಿಂದ ಆ ಬಲೆಯನ್ನು ಕರಗಿಸಿದಾಗ, ಕಳೆದುಹೋಗಿದ್ದ ಎಳೆತನದ ಒಂದಂಶ ಹಿಂದಿರುಗಿತು. ಅವುಗಳ ಒಂದು ಕಣ್ಣನ್ನು ಮುಚ್ಚಿದರೆ ಮರಿಗಳ ಮಿದುಳಿನಂತೆಯೇ ಆ ಮಿದುಳೂ ಬದಲಾಯಿತು. ೨೦೧೦ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಲಿಂಕ್ಸ್೧ ಎಂಬ ಪ್ರೋಟೀನು ಪ್ರಾಯಕ್ಕೆ ಬಂದಮೇಲೆ ದೃಷ್ಟಿಭಾಗದಲ್ಲಿ ಏರುತ್ತದೆ. ಅದಿಲ್ಲದೆ ಹುಟ್ಟಿದ ಸುಂಡಿಲಿಗಳಲ್ಲಿ ಬದಲಾಗುವ ಶಕ್ತಿ ಪ್ರಾಯದಲ್ಲೂ ಉಳಿದಿರುತ್ತದೆ. ಬಗ್ಗುವ ಶಕ್ತಿ ಸತ್ತಿರಲಿಲ್ಲ. ಅದನ್ನು ಕಟ್ಟಿಹಾಕಿತ್ತು, ಅಷ್ಟೆ.

ಈ ಮಾತನ್ನು ನಾನು ಒಮ್ಮೆ ನಮ್ಮ ವೈದ್ಯಮಿತ್ರರೊಬ್ಬರ ಮುಂದೆ ಎತ್ತಿದೆ. “ಹಾಗಾದರೆ ಸ್ವಾಮಿ, ಕಟ್ಟನ್ನು ಬಿಚ್ಚುವ ಮದ್ದು ಕಂಡುಹಿಡಿದರೆ ಸಾಕಲ್ಲ, ನಾವೆಲ್ಲರೂ ಎಪ್ಪತ್ತರಲ್ಲಿಯೂ ಮಕ್ಕಳಂತೆ ಕಲಿಯಬಹುದು” ಎಂದೆ. ಅವರು ನಕ್ಕರು. “ಮೇಷ್ಟ್ರೇ, ಮಗುವಿನಂತೆ ಕಲಿಯುವುದೆಂದರೆ ಮಗುವಿನಂತೆ ಮರೆಯುವುದೂ ಹೌದು. ನೀವು ಕಟ್ಟಿಕೊಂಡ ಎಪ್ಪತ್ತು ವರ್ಷವನ್ನು ಯಾರ ಕೈಗೆ ಕೊಡುತ್ತೀರಿ?” ಎಂದರು.

ಅವರ ಮಾತಿಗೆ ಆಧಾರವಿದೆ. ಒಂದು ಶಬ್ದ ಕೇಳಿದೊಡನೆ ನೋವಾಗುವುದೆಂದು ಕಲಿತ ಎಳೆಯ ಪ್ರಾಣಿಯ ಭಯವನ್ನು ಮುಂದೆ ಅಳಿಸಿಬಿಡಬಹುದು. ಬೆಳೆದದ್ದರಲ್ಲಿ ಭಯ ಅಡಗಿದಂತೆ ಕಂಡರೂ ಮತ್ತೆ ತಲೆಯೆತ್ತುತ್ತದೆ. ಬೆಳೆದ ಪ್ರಾಣಿಯ ನೆನಪನ್ನು ಕಾಯುತ್ತಿರುವುದು ಅದೇ ಬಲೆಯೆಂದು ೨೦೦೯ರ ಪ್ರಯೋಗಗಳು ಸೂಚಿಸಿದವು. ಬಲೆಯನ್ನು ಮೊದಲೇ ಕರಗಿಸಿದ್ದಾಗ ಬೆಳೆದ ಸುಂಡಿಲಿ ಕಲಿತ ಭಯವೂ ಮರಿಗಳದರಂತೆ ಅಳಿಸಿಹೋಯಿತು. ಭಯ ಅಳಿದರೆ ಒಳಿತೇ ಎನ್ನಬಹುದು. ಆದರೆ ಭಯವನ್ನು ಕಾಯುವ ಬಲೆ ಭಯವನ್ನು ಮಾತ್ರವೇ ಕಾಯುತ್ತಿದೆಯೆಂದು ನಂಬುವುದು ಹೇಗೆ?

ಭಾಷೆಯ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ನಮ್ಮ ತಕಾರಕ್ಕೂ ಟಕಾರಕ್ಕೂ ಇರುವ ಭೇದ ಇಂಗ್ಲಿಷ್ ಆಡುವ ದೊಡ್ಡವರ ಕಿವಿಗೆ ಹಿಡಿಯುವುದು ಕಷ್ಟ. ಆದರೆ ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಕೂಸಿಗೆ ಹಿಂದಿಯಲ್ಲಿಯೂ ಇರುವ ಈ ಭೇದ ತಿಳಿಯುತ್ತದೆ. ಹತ್ತು ಹನ್ನೆರಡು ತಿಂಗಳಾಗುವಷ್ಟರಲ್ಲಿ ಬಹುಮಟ್ಟಿಗೆ ತಪ್ಪಿಹೋಗುತ್ತದೆ. ಕೆನಡಾದಲ್ಲಿ ನಡೆದ ಈ ಪರೀಕ್ಷೆಯ ಫಲಿತಾಂಶ ಪ್ರಕಟವಾದದ್ದು ೧೯೮೪ರಲ್ಲಿ. ಇದು ನಷ್ಟವೇ? ಹೌದು. ಆದರೆ ಅದೇ ತಿಂಗಳುಗಳಲ್ಲಿ ಆ ಕೂಸು ತನ್ನ ತಾಯ ನುಡಿಯ ದನಿಗಳಲ್ಲಿ ಪಳಗುತ್ತಿರುತ್ತದೆ. ಲೋಕದ ಎಲ್ಲ ನುಡಿಗಳಿಗೂ ಸಮನಾಗಿ ತೆರೆದಿರುವ ಕಿವಿ ಯಾವ ನುಡಿಯನ್ನೂ ತನ್ನದಾಗಿ ಮಾಡಿಕೊಳ್ಳಲಾರದು. ನಾನು ನಾನಾಗಿರುವುದು ನನ್ನಲ್ಲಿ ಕೆಲವು ಬಾಗಿಲು ಮುಚ್ಚಿರುವುದರಿಂದಲೂ ಹೌದು. ಆದಕಾರಣ ಮುಚ್ಚುವಿಕೆಯನ್ನು ಶಾಪವೆಂದು ಬೈಯುವುದು ವಿವೇಕವಲ್ಲ.

ಹಾಗಾದರೆ ಗಾದೆಯೇ ಗೆದ್ದಿತೆಂದು ಸುಮ್ಮನಾಗೋಣವೇ? ಇಲ್ಲಿಂದ ಮುಂದಿನದು ಎರಡನೆಯ ಪ್ರಶ್ನೆ.

ಒಂದು ಉದಾಹರಣೆ ತೆಗೆದುಕೊಳ್ಳುವೆ. ಕೆಲವು ಮಕ್ಕಳು ಹುಟ್ಟುವಾಗಲೇ ಥೈರಾಯ್ಡ್ ಗ್ರಂಥಿಯ ಊನದಿಂದ ಹುಟ್ಟುತ್ತವೆ. ನೋಡಲು ಬಹುಪಾಲು ಎಲ್ಲ ಕೂಸುಗಳಂತೆಯೇ ಇರುತ್ತವೆ. ಆದರೆ ಮಿದುಳಿನ ಹಲವು ಪ್ರೋಟೀನುಗಳು, ಮೇಲೆ ಹೇಳಿದ ಮಯಲಿನ್ ಹೊದಿಕೆಯದೂ ಸೇರಿ, ಹೊತ್ತಿಗೆ ಸರಿಯಾಗಿ ಏರಬೇಕಾದರೆ ಆ ಗ್ರಂಥಿಯ ರಸ ಬೇಕು. ಅದಿಲ್ಲದೆ ತಿಂಗಳುಗಳು ಕಳೆದರೆ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ; ಆಮೇಲೆ ಎಷ್ಟು ಔಷಧ ಕೊಟ್ಟರೂ ಹೋದದ್ದು ಪೂರ್ತಿ ಬಾರದು. ಮೊದಲ ಎರಡು ವಾರಗಳಲ್ಲಿ ಗುರುತಿಸಿ ದಿನಕ್ಕೊಂದು ಸಣ್ಣ ಥೈರಾಕ್ಸಿನ್ ಮಾತ್ರೆ ಆರಂಭಿಸಿದರೆ ಆ ಮಗು ಎಲ್ಲ ಮಕ್ಕಳೊಡನೆ ಶಾಲೆಗೆ ಬರುತ್ತದೆ. ಗುರುತಿಸಲು ಬೇಕಾದದ್ದು ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಈ ಪರೀಕ್ಷೆ ಮೊದಲಾದದ್ದು ೧೯೭೪ರಲ್ಲಿ. ಅರ್ಧ ಶತಮಾನ ಕಳೆದರೂ ನಮ್ಮ ದೇಶದಲ್ಲಿ ಅದು ಕೆಲವೆಡೆ ಉಂಟು, ಕೆಲವೆಡೆ ಇಲ್ಲ; ಹುಟ್ಟಿದ ಪ್ರತಿಯೊಂದು ಕೂಸಿಗೂ ಇನ್ನೂ ದೊರೆತಿಲ್ಲ.

ಈ ಮಕ್ಕಳಲ್ಲೊಬ್ಬ ಹದ ತಪ್ಪಿ ಹತ್ತನೆಯ ವಯಸ್ಸಿನಲ್ಲಿ ಒಂದನೆಯ ತರಗತಿಯ ಬೆಂಚಿನ ಮೇಲೆ ಕುಳಿತಿದ್ದಾನೆನ್ನಿ. ಅವನನ್ನು ನೋಡಿ ಯಾರೋ ಹೇಳುತ್ತಾರೆ: ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಮಾತು ಸುಳ್ಳಲ್ಲ. ಆದರೆ ಮಾತಿನ ಮೊನೆ ತಾಗಬೇಕಾದದ್ದು ಯಾರಿಗೆ? ಎರಡು ವಾರದ ಕೂಸು ತಾನಾಗಿ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತೆ? ಗಿಡ ಬಗ್ಗಲೊಲ್ಲೆನೆಂದು ಹಟ ಹಿಡಿಯಲಿಲ್ಲ; ಬಗ್ಗಿಸುವ ಕೈ ಹೊತ್ತಿಗೆ ಬರಲಿಲ್ಲ. ಗಾದೆ ಮಾಡಿದ ಹಿರಿಯರು ತೋಟ ಮಾಡಿದವರು. ಅವರು ಅದನ್ನು ತೋಟಗಾರನ ಎಚ್ಚರಿಕೆಗಾಗಿ ಹೇಳಿದ್ದರೆಂದೇ ನನ್ನ ನಂಬಿಕೆ. ನಾವು ಅದನ್ನು ತಿರುಗಿಸಿ ಮರದ ಮೇಲೆ ಹೊರಿಸಿದ್ದೇವೆ.

ಇಲ್ಲಿ ಒಂದು ನಿಜವಾದ ತೊಡಕಿದೆ. ‘ಹದ ತಪ್ಪಿದರೆ ಎಲ್ಲ ಹೋಯಿತು’ ಎಂದು ಸಾರಿದರೆ ಕೂಸುಗಳ ಬಗ್ಗೆ ಜನ ಎಚ್ಚರಗೊಳ್ಳುತ್ತಾರೆ. ಆದರೆ ಹದ ತಪ್ಪಿದವರನ್ನು ಕೈಬಿಡಲು ಅದೇ ನೆಪವಾಗುತ್ತದೆ. ‘ಎಂದು ಬೇಕಾದರೂ ಕಲಿಯಬಹುದು’ ಎಂದು ಸಾರಿದರೆ ದೊಡ್ಡವರಿಗೆ ಧೈರ್ಯ ಬರುತ್ತದೆ. ಆದರೆ ಕೂಸಿನ ಕೆಲಸವನ್ನು ನಾಳೆಗೆ ತಳ್ಳಲು ಅದೂ ನೆಪವೇ. ಒಂದೊಂದು ಸತ್ಯದ ನೆರಳಿನಲ್ಲಿ ಒಂದೊಂದು ಸೋಮಾರಿತನ ಮಲಗಿರುತ್ತದೆ. ಹಾಗೆಂದು ಎರಡರಲ್ಲೊಂದನ್ನು ಮರೆಮಾಚುವುದೂ ಪ್ರಾಮಾಣಿಕತೆಯಲ್ಲ.

ಈ ತೊಡಕು ಬರಿಯ ವಾದದ್ದಲ್ಲ. ಹುಟ್ಟುಪೊರೆಯಿಂದ ಕುರುಡಾದ ಮಕ್ಕಳ ವಿಷಯದಲ್ಲಿ ಅದು ಎದ್ದು ಕಂಡಿತು. ಎಂಟು ಹತ್ತು ವರ್ಷ ದಾಟಿದ ಮಗುವಿನ ಪೊರೆ ತೆಗೆದು ಫಲವೇನು, ಮಿದುಳು ನೋಡುವುದನ್ನು ಕಲಿಯುವ ಕಾಲ ಕಳೆಯಿತಲ್ಲ ಎಂಬ ಅಭಿಪ್ರಾಯ ವೈದ್ಯರಲ್ಲಿ ಬಲವಾಗಿತ್ತು. ಅಮೆರಿಕದ ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಪವನ್ ಸಿನ್ಹಾ ಎಂಬ ಭಾರತೀಯ ಮೂಲದ ವಿಜ್ಞಾನಿ ೨೦೦೫ರ ಸುಮಾರಿಗೆ ಪ್ರಕಾಶ್ ಎಂಬ ಯೋಜನೆಯನ್ನು ಆರಂಭಿಸಿ, ಉತ್ತರ ಭಾರತದ ಹಳ್ಳಿಗಳಿಂದ ಇಂಥ ಮಕ್ಕಳನ್ನು ದೆಹಲಿಗೆ ಕರೆತಂದು ಶಸ್ತ್ರಚಿಕಿತ್ಸೆ ಮಾಡಿಸಿದರು. ಅವರು ನೋಡಲು ಕಲಿಯುವ ಬಗೆಯನ್ನು ಅಭ್ಯಾಸಮಾಡಿದರು.

ತತ್ತ್ವಶಾಸ್ತ್ರದ ಒಂದು ಹಳೆಯ ಪ್ರಶ್ನೆಗೂ ಇಲ್ಲಿ ಉತ್ತರ ದೊರೆಯಿತು. ೧೬೮೮ರಲ್ಲಿ ಡಬ್ಲಿನ್ನಿನ ವಿಲಿಯಂ ಮಾಲಿನೋ ಜಾನ್ ಲಾಕನಿಗೆ ಕಾಗದ ಬರೆದು ಕೇಳಿದ್ದ: ಮುಟ್ಟಿ ಮಾತ್ರ ಗುಂಡನ್ನೂ ಘನವನ್ನೂ ಬಲ್ಲ ಹುಟ್ಟುಕುರುಡನಿಗೆ ದೃಷ್ಟಿ ಬಂದರೆ, ಮುಟ್ಟದೆ ನೋಡಿಯೇ ಇದು ಗುಂಡು, ಇದು ಘನ ಎನ್ನಬಲ್ಲನೆ? ೨೦೧೧ರಲ್ಲಿ ಪ್ರಕಟವಾದ ವರದಿಯಂತೆ ಎಂಟರಿಂದ ಹದಿನೇಳು ವಯಸ್ಸಿನ ಐವರು ಮಕ್ಕಳು ಚಿಕಿತ್ಸೆಯಾದೊಡನೆ ಮುಟ್ಟಿದ್ದನ್ನು ನೋಟದಿಂದ ಗುರುತಿಸಲಾರದೆ ಹೋದರು. ಆದರೆ ಕೆಲವು ದಿನಗಳ ಮೇಲೆ ಮತ್ತೆ ಪರೀಕ್ಷಿಸಿದಾಗ, ಯಾರೂ ಪಾಠ ಹೇಳದೆಯೇ ಅವರು ಬಹಳ ಮಟ್ಟಿಗೆ ಕಲಿತಿದ್ದರು.

ಇದನ್ನು ಪವಾಡವೆಂದು ಹಿಗ್ಗಿಸಿ ಹೇಳಲಾರೆ. ಈ ಮಕ್ಕಳ ನೋಟದ ಚುರುಕು ಸಾಮಾನ್ಯ ಮಟ್ಟಕ್ಕೆ ಏರುವುದಿಲ್ಲ. ಹದದಲ್ಲಿ ತಪ್ಪಿದ್ದು ಒಂದಂಶ ತಪ್ಪಿಯೇ ಹೋಗಿರುತ್ತದೆ. ಆದರೆ ಮಬ್ಬಾಗಿಯಾದರೂ ದಾರಿ ಕಾಣುವುದಕ್ಕೂ ಏನೂ ಕಾಣದಿರುವುದಕ್ಕೂ ನಡುವಿನ ಅಂತರವನ್ನು ಸಣ್ಣದೆನ್ನಲು ಕಣ್ಣುಳ್ಳ ನಮಗೇನು ಹಕ್ಕಿದೆ? ೧೯೯೦ರ ಸುಮಾರಿಗೆ ಸಾಕ್ಷರತಾ ಆಂದೋಲನದ ರಾತ್ರಿಶಾಲೆಯೊಂದರಲ್ಲಿ ನಾನು ಪಾಠ ಹೇಳುತ್ತಿದ್ದೆ. ಐವತ್ತು ದಾಟಿದ ಹೆಂಗಸೊಬ್ಬಳು ವರ್ಷವೆಲ್ಲ ಬಂದರೂ ವೃತ್ತಪತ್ರಿಕೆಯನ್ನು ಸರಾಗವಾಗಿ ಓದಲಾಗಲಿಲ್ಲ. ಒಂದು ದಿನ ಬಂದು, “ಮೇಷ್ಟ್ರೇ, ಇವತ್ತು ಯಾರನ್ನೂ ಕೇಳದೆ ಬಸ್ಸಿನ ಬೋರ್ಡು ಓದಿಕೊಂಡು ಹತ್ತಿದೆ” ಎಂದಳು. ಅಕ್ಷರ ಕಲಿಯುವುದಕ್ಕೆ ಕಣ್ಣಿನ ಹದದಷ್ಟು ಬಿಗಿಯಾದ ಗಡುವೇ ಇಲ್ಲವೆಂಬುದು ಬೇರೆ ಮಾತು. ಮಿದುಳಿನ ಒಂದೊಂದು ಭಾಗಕ್ಕೆ ಒಂದೊಂದು ಕಾಲ. ಒಂದರ ಗಡುವನ್ನು ಎಲ್ಲದರ ಮೇಲೂ ಹೇರುವುದು ಗಾದೆಯ ಇನ್ನೊಂದು ದುರುಪಯೋಗ. ಆದರೆ ಆಕೆ ಬೋರ್ಡನ್ನೂ ಓದಲಾರದೆ ಹೋಗಿದ್ದರೆ ರಾತ್ರಿಶಾಲೆಯ ದೀಪದೆಣ್ಣೆ ದಂಡವಾಯಿತೆನ್ನುತ್ತಿದ್ದೆನೆ? ಇಲ್ಲವೆಂದೇ ನನ್ನ ಉತ್ತರ.

ಏಕೆಂದರೆ ತೊಡಕು ಬಿಡಿಸಿಕೊಳ್ಳುವ ದಾರಿ ಇಲ್ಲಿಯೇ ಇದೆ. ಹದದ ಮಾತು ಕಾಲವನ್ನು ಕುರಿತದ್ದು, ಮನುಷ್ಯನ ಯೋಗ್ಯತೆಯನ್ನು ಕುರಿತದ್ದಲ್ಲ. ಯಾವ ಪ್ರೋಟೀನು ಎಂದು ಏರುತ್ತದೆ, ಎಂದು ಇಳಿಯುತ್ತದೆ ಎಂಬುದನ್ನು ಅಳೆದು ಹೇಳಬಹುದು. ಅದರಿಂದ, ಯಾರಿಗೆ ಯಾವ ಹೊತ್ತಿನಲ್ಲಿ ಏನನ್ನು ಕೊಟ್ಟರೆ ಹೆಚ್ಚು ಫಲವೆಂದು ತಿಳಿಯುತ್ತದೆ. ಆದರೆ ಫಲ ಕಡಿಮೆಯಾದವನಿಗೆ ಕೊಡಬೇಕೇ ಬೇಡವೇ ಎಂಬುದನ್ನು ಯಾವ ಅಳತೆಯೂ ಹೇಳುವುದಿಲ್ಲ. ಅದನ್ನು ಅಳತೆಯೇ ಹೇಳಿತೆಂದು ಸಾಧಿಸುವವರು ತಮ್ಮ ಮನಸ್ಸಿನ ಜಿಪುಣತನವನ್ನು ವಿಜ್ಞಾನದ ಬಾಯಿಂದ ಆಡಿಸುತ್ತಿದ್ದಾರೆ. ಎಷ್ಟು ಕಲಿತಾನು ಎಂಬುದು ಒಂದು ಪ್ರಶ್ನೆ. ಅವನು ನಮ್ಮವನೇ ಎಂಬುದು ಇನ್ನೊಂದು. ಮೊದಲನೆಯದರ ಉತ್ತರವನ್ನು ನೋಡಿಕೊಂಡು ಎರಡನೆಯದಕ್ಕೆ ಉತ್ತರ ಬರೆಯುವುದು ನ್ಯಾಯವಲ್ಲ.

ಬಗ್ಗದ ಮರವೂ ನೆರಳು ಕೊಡುತ್ತದೆ ಎಂದು ಸಮಾಧಾನ ಹೇಳುವವರುಂಟು. ಅದೂ ಒಂದು ಬಗೆಯ ವ್ಯಾಪಾರವೇ. ನೆರಳಿಲ್ಲದಿದ್ದರೆ ಕಡಿಯಬಹುದೆಂಬ ಅರ್ಥ ಅದರೊಳಗೆ ಅಡಗಿದೆ. ಹದ ತಪ್ಪಿದ ಹುಡುಗ ನಾಳೆ ನಮಗೆ ಯಾವ ಉಪಯೋಗಕ್ಕೂ ಬಾರದೆ ಹೋದರೂ ಅವನಿಗೆ ಬೆಂಚಿನ ಮೇಲೆ ಜಾಗ ಸಲ್ಲುತ್ತದೆ. ಹೊತ್ತಿಗೆ ಬಾರದೆ ಹೋದ ಕೈಗಳು ನಮ್ಮವೇ ಆಗಿರುವುದರಿಂದ ಮತ್ತಷ್ಟು ಸಲ್ಲುತ್ತದೆ.

ಗಾದೆಯನ್ನು ಬಿಟ್ಟುಬಿಡಬೇಕೆಂದು ನಾನು ಹೇಳುವುದಿಲ್ಲ. ತೊಟ್ಟಿಲಿನ ಬಳಿ ನಿಂತಾಗ ಅದನ್ನು ಗಟ್ಟಿಯಾಗಿ ಹೇಳಿಕೊಳ್ಳೋಣ. ಪಂಚಾಯತಿಯಲ್ಲಿ, ಆಸ್ಪತ್ರೆಯಲ್ಲಿ, ವಿಧಾನಸಭೆಯಲ್ಲಿ ಹಣ ಹಂಚುವವರ ಕಿವಿಯಲ್ಲಿ ದಿನವೂ ಹೇಳೋಣ. ಅಲ್ಲಿ ಅದು ಎಚ್ಚರಿಕೆ. ಬೆಳೆದವನ ಮುಂದೆ ನಿಂತಾಗ ಮಾತ್ರ ಅದನ್ನು ಪ್ರಶ್ನೆಯೆಂದೇ ಕೇಳೋಣ, ನಿಜವಾದ ಪ್ರಶ್ನೆಯೆಂದು. ‘ಬಗ್ಗೀತೆ?’ ಎಂದ ಮೇಲೆ ಉತ್ತರ ಬರುವವರೆಗೆ ಅವನ ಪಕ್ಕದಲ್ಲಿ ಕುಳಿತಿರುವ ತಾಳ್ಮೆಯೊಂದಿದ್ದರೆ ಸಾಕು.